ಹಳೆಯ ಮುಳ್ಳಿನ ವೋಲ್ಟ್‌ಮೀಟರ್ ಸಜ್ಜು ಮಾಡಿ ಸೊನ್ನೆಗೆ ತರುವುದು ಹೇಗೆ

ಹಳೆಯ ಮುಳ್ಳಿನ ವೋಲ್ಟ್‌ಮೀಟರ್ ಕೈಗೆ ಸಿಕ್ಕ ತಕ್ಷಣ ಕಣ್ಣು ಹೋಗುವುದು ಡಯಲ್ ಕೆಳಗಿನ ಆ ಪುಟ್ಟ ಸ್ಕ್ರೂ ಮೇಲೆ. ಮುಳ್ಳು ಸೊನ್ನೆಯಿಂದ ಒಂದು ಗೆರೆ ಆಚೆ ನಿಂತಿರುತ್ತದೆ. ಸ್ಕ್ರೂಡ್ರೈವರ್ ತಗೊಂಡು ಒಂದು ಸುತ್ತು ತಿರುಗಿಸಿದರೆ ಆಯ್ತಲ್ಲ ಅನ್ನಿಸುತ್ತದೆ. ಸ್ವಲ್ಪ ತಡೆಯಿರಿ. ಮುಳ್ಳು ಎಲ್ಲಿ ನಿಂತಿದೆ ಅನ್ನುವುದು ಎರಡನೇ ಪ್ರಶ್ನೆ. ಪ್ರತಿ ಸಲವೂ ಅದೇ ಜಾಗಕ್ಕೆ ವಾಪಸ್ ಬಂದು ನಿಲ್ಲುತ್ತದೆಯಾ ಅನ್ನುವುದು ಮೊದಲನೇ ಪ್ರಶ್ನೆ. ಒಂದು ಸಲ ಇಲ್ಲಿ, ಇನ್ನೊಂದು ಸಲ ಅಲ್ಲಿ ನಿಲ್ಲುವ ಮುಳ್ಳನ್ನು ಸ್ಕ್ರೂ ತಿರುಗಿಸಿ ಸೊನ್ನೆಗೆ ತಂದರೆ ಮೀಟರ್ ಸರಿಯಾಗುವುದಿಲ್ಲ, ಅದರ ಕಾಯಿಲೆ ನಿಮ್ಮ ಕಣ್ಣಿಗೆ ಕಾಣದ ಹಾಗೆ ಆಗುತ್ತದೆ ಅಷ್ಟೇ. ತಟ್ಟೆಗೆ ಕೆಸರು ಮೆತ್ತಿಕೊಂಡಿರುವಾಗಲೇ ತಕ್ಕಡಿಯ ಮುಳ್ಳು ತಿದ್ದಿದ ಹಾಗೆ.

ಅದಕ್ಕೇ ಸ್ಕ್ರೂ ಕೊನೆಗೆ ಇಟ್ಟುಕೊಳ್ಳೋಣ.

ಮೊದಲು ಡಯಲ್ ಓದಿ

ಮೀಟರಿಗೆ ಏನನ್ನೂ ಜೋಡಿಸಬೇಡಿ. ಸುಮ್ನೆ ಬೆಳಕಿನಲ್ಲಿ ಹಿಡಿದು ಡಯಲ್ ಮೂಲೆಯಲ್ಲಿರುವ ಸಣ್ಣ ಗುರುತುಗಳನ್ನು ನೋಡಿ. ಬಹಳ ಜನ ಇವನ್ನು ಅಲಂಕಾರ ಅಂದುಕೊಂಡು ಬಿಟ್ಟುಬಿಡುತ್ತಾರೆ, ಆದರೆ ನಿಮಗೆ ಬೇಕಾದ ಅರ್ಧ ಮಾಹಿತಿ ಅಲ್ಲೇ ಇದೆ.

ಕುದುರೆ ಲಾಳದ ಆಕಾರದ ಆಯಸ್ಕಾಂತದ ಗುರುತು ಇದ್ದರೆ ಅದು ಮೂವಿಂಗ್ ಕಾಯಿಲ್ ಮೀಟರ್. ಶಾಶ್ವತ ಆಯಸ್ಕಾಂತದ ನಡುವೆ ತಾಮ್ರದ ತಂತಿಯ ಹಗುರವಾದ ಸುರುಳಿ ತಿರುಗುತ್ತದೆ, ಕೂದಲೆಳೆಯಂಥ ಸ್ಪ್ರಿಂಗುಗಳು ಅದನ್ನು ವಾಪಸ್ ಎಳೆಯುತ್ತವೆ. ಇದರ ಸ್ಕೇಲಿನ ಗೆರೆಗಳು ಸಮ ಅಂತರದಲ್ಲಿರುತ್ತವೆ. ಗೆರೆಗಳು ಕೆಳಗಿನ ತುದಿಯಲ್ಲಿ ಒತ್ತೊತ್ತಾಗಿದ್ದು ಮೇಲೆ ಹೋದಂತೆ ಬಿಡಿಬಿಡಿಯಾಗಿದ್ದರೆ ಅದು ಹೆಚ್ಚಾಗಿ ಮೂವಿಂಗ್ ಐರನ್ ಮೀಟರ್. ಅದು ಎಸಿ, ಡಿಸಿ ಎರಡಕ್ಕೂ ಓಡುತ್ತದೆ, ಆದರೆ ಸೊನ್ನೆಯ ಹತ್ತಿರದ ಓದನ್ನು ನೆಚ್ಚಿಕೊಳ್ಳಬಾರದು.

ಇನ್ನೊಂದು ಮುಖ್ಯ ಗುರುತು ಮೀಟರನ್ನು ಹೇಗೆ ಇಡಬೇಕು ಅನ್ನುವುದು. ತಲೆಕೆಳಗಾದ ಇಂಗ್ಲಿಷ್ ಟಿ ಅಕ್ಷರದಂಥ ಗುರುತು ಅಂದರೆ ಡಯಲ್ ನೆಟ್ಟಗೆ ನಿಂತಿರಬೇಕು. ಮಲಗಿಸಿದ ಚೌಕ ಆವರಣದಂಥ ಗುರುತು ಅಂದರೆ ಡಯಲ್ ಮೇಲ್ಮುಖವಾಗಿ ಮಲಗಿರಬೇಕು. ಎರಡು ಗೆರೆಗಳ ನಡುವೆ 60 ಡಿಗ್ರಿ ಅಂತ ಬರೆದಿದ್ದರೆ ಅಷ್ಟು ಓರೆಯಾಗಿ ಇಡಬೇಕು. ಮೀಟರ್ ಯಾವ ಭಂಗಿಯಲ್ಲಿ ಕೆಲಸ ಮಾಡುತ್ತದೋ ಅದೇ ಭಂಗಿಯಲ್ಲಿ ಸೊನ್ನೆ ಮಾಡಬೇಕು. ಮೇಜಿನ ಮೇಲೆ ಮಲಗಿಸಿ ಸೊನ್ನೆ ಮಾಡಿ ಆಮೇಲೆ ಪ್ಯಾನೆಲ್‌ನಲ್ಲಿ ನಿಲ್ಲಿಸಿದರೆ ಮಾಡಿದ ಕೆಲಸ ದಂಡ. ಇನ್ನೂ ಹಳೆಯ ಕೆಲವು ಮೀಟರುಗಳಲ್ಲಿ ಸ್ಪ್ರಿಂಗೇ ಇರುವುದಿಲ್ಲ, ಒಂದು ಪುಟ್ಟ ತೂಕ ಭೂಮಿಯ ಸೆಳೆತದಿಂದ ಮುಳ್ಳನ್ನು ವಾಪಸ್ ತರುತ್ತದೆ. ಅಂಥವನ್ನು ಮೊದಲು ಮಟ್ಟ ಮಾಡಿ ಕೂರಿಸಬೇಕು. ಮಟ್ಟ ತಪ್ಪಿದರೆ ಸೊನ್ನೆಯೂ ತಪ್ಪುತ್ತದೆ.

1, 1.5, 2.5 ಅಂತ ಒಂಟಿಯಾಗಿ ಬರೆದಿರುವ ಸಂಖ್ಯೆ ಮೀಟರಿನ ದರ್ಜೆ. 2.5 ಅಂದರೆ ಪೂರ್ತಿ ಸ್ಕೇಲಿನ ಶೇ. 2.5ರಷ್ಟು ತಪ್ಪು ಇರಬಹುದು. ಇಲ್ಲಿ ‘ಪೂರ್ತಿ ಸ್ಕೇಲಿನ’ ಅನ್ನುವುದನ್ನು ಗಮನಿಸಿ. 100 ವೋಲ್ಟ್ ಮೀಟರಿನಲ್ಲಿ ಆ ತಪ್ಪು ಸ್ಕೇಲಿನ ಉದ್ದಕ್ಕೂ 2.5 ವೋಲ್ಟ್. 20 ವೋಲ್ಟ್ ಅಳೆಯುವಾಗಲೂ ಅಷ್ಟೇ, ಅಂದರೆ ಓದಿನ ಶೇ. 12.5. ಹಾಗಾಗಿ ಮುಳ್ಳು ಸ್ಕೇಲಿನ ಮೇಲಿನ ಮೂರನೇ ಎರಡು ಭಾಗದಲ್ಲಿ ನಿಲ್ಲುವಂಥ ರೇಂಜ್ (ಅಳತೆಯ ವ್ಯಾಪ್ತಿ) ಆರಿಸಿಕೊಳ್ಳಿ. ನಕ್ಷತ್ರದ ಒಳಗೆ 2 ಅಂತ ಇದ್ದರೆ ಅದರ ಇನ್ಸುಲೇಶನ್ ಅನ್ನು ತಯಾರಿಸಿದಾಗ 2 ಕಿಲೋವೋಲ್ಟಿನಲ್ಲಿ ಪರೀಕ್ಷಿಸಿದ್ದರು ಅಂತ ಅರ್ಥ. ತಯಾರಿಸಿದಾಗ, ಈಗ ಅಲ್ಲ.

ಡಯಲ್ ಓದುವಾಗಲೇ ಇದನ್ನೂ ನೋಡಿ. ವಿಮಾನ ಅಥವಾ ಸೇನೆಯ ಉಪಕರಣದಿಂದ ಬಂದ ಹಳೆಯ ಮೀಟರಿನ ಮುಳ್ಳಿಗೆ, ಅಂಕಿಗಳಿಗೆ ಕಂದುಗಟ್ಟಿದ ದಪ್ಪ ಬಣ್ಣ ಬಳಿದಿದ್ದರೆ ಅದು ರೇಡಿಯಂ ಇರಬಹುದು. ಕತ್ತಲಲ್ಲಿ ಹೊಳೆಯುವುದು ನಿಂತಿದ್ದರೂ ರೇಡಿಯಂ ಅಲ್ಲೇ ಇರುತ್ತದೆ, ಅದರ ಅರ್ಧಾಯುಷ್ಯ ಸುಮಾರು 1600 ವರ್ಷ. ಅಂಥದ್ದನ್ನು ಬಿಚ್ಚಲೇಬೇಡಿ.

ಧೂಳು, ವೈರು, ಸೆಲ್

ಹಳೆಯ ಪ್ರೋಬ್ ವೈರುಗಳನ್ನು ಬಳಸಬೇಡಿ. ರಬ್ಬರ್ ಹೊದಿಕೆ ಬಗ್ಗಿಸಿದ ಕಡೆ ಬಿರುಕು ಬಿಟ್ಟಿರುತ್ತದೆ, ಒಳಗಿನ ತಾಮ್ರ ಹಸಿರುಗಟ್ಟಿರುತ್ತದೆ. ನೋಡಲು ಚೆನ್ನಾಗಿವೆ ಅಂದರೆ ತೆಗೆದಿಟ್ಟುಕೊಳ್ಳಿ, ಕೆಲಸಕ್ಕೆ ಹೊಸದು ಹಾಕಿ. ವೋಲ್ಟ್ ಜೊತೆಗೆ ಕರೆಂಟ್, ಓಮ್ ಕೂಡ ಅಳೆಯುವ ಮಲ್ಟಿಮೀಟರ್ ಆಗಿದ್ದರೆ ಬ್ಯಾಟರಿ ಡಬ್ಬಿ ತೆರೆದು ನೋಡಿ. ಸೆಲ್ ಸೋರಿ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಆಲ್ಕಲೈನ್ ಸೆಲ್‌ಗೆ ಸ್ವಲ್ಪ ವಿನೆಗರ್ ಹಚ್ಚಿದ ಹತ್ತಿಕಡ್ಡಿ, ಆಮೇಲೆ ನೀರಿನ ಹತ್ತಿಕಡ್ಡಿ, ಆಮೇಲೆ ಪೂರ್ತಿ ಒಣಗಿಸುವುದು. ಟರ್ಮಿನಲ್ ನಟ್ಟುಗಳನ್ನು ಸಡಿಲಿಸಿ, ಒರೆಸಿ, ಮತ್ತೆ ಬಿಗಿ ಮಾಡಿ. ರೇಂಜ್ ಸ್ವಿಚ್ಚನ್ನು ಈ ತುದಿಯಿಂದ ಆ ತುದಿಗೆ ಹಲವು ಸಲ ತಿರುಗಿಸಿ, ಅಷ್ಟರಲ್ಲೇ ಎಷ್ಟೋ ತುಕ್ಕು ಬಿಡುತ್ತದೆ.

ಮೀಟರಿನ ಮುಖ ಒರೆಸುವಾಗ ಮಾತ್ರ ಜೋಪಾನ. ಅದು ಗಾಜಲ್ಲದೆ ಪ್ಲಾಸ್ಟಿಕ್ ಆಗಿದ್ದರೆ ಒಣ ಬಟ್ಟೆಯಿಂದ ಉಜ್ಜಿದ ಕೂಡಲೇ ಸ್ಥಿರ ವಿದ್ಯುತ್ ತುಂಬಿಕೊಳ್ಳುತ್ತದೆ. ಆಗ ಮುಳ್ಳು ಏನನ್ನೂ ಜೋಡಿಸದೆಯೇ ಎದ್ದು ನಿಲ್ಲುತ್ತದೆ. ಬೆರಳನ್ನು ಪ್ಲಾಸ್ಟಿಕ್ ಮೇಲೆ ನಿಧಾನವಾಗಿ ಸರಿಸಿ ನೋಡಿ, ಮುಳ್ಳು ಬೆರಳಿನ ಹಿಂದೆಯೇ ಬಂದರೆ ಅಥವಾ ಬೆದರಿದ ಹಾಗೆ ಪಕ್ಕಕ್ಕೆ ಸರಿದರೆ ಅದು ಸ್ಥಿರ ವಿದ್ಯುತ್ತೇ. ಈ ಹೊತ್ತಿನಲ್ಲಿ ಯಾರಾದರೂ ಸ್ಕ್ರೂ ತಿರುಗಿಸಿ ಸೊನ್ನೆ ಮಾಡಿದರೆ ಮಾರನೆಯ ದಿನ ಚಾರ್ಜ್ ಇಳಿದ ಮೇಲೆ ಮೀಟರ್ ಮತ್ತೆ ತಪ್ಪು ತೋರಿಸುತ್ತದೆ, ಪಾಪ ಸ್ಪ್ರಿಂಗಿಗೆ ಬೈಗುಳ. ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದೆರಡು ಹನಿ ಹಾಕಿ, ಬಟ್ಟೆಯನ್ನು ಅದರಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಮೆಲ್ಲಗೆ ಒರೆಸಿ, ಉಜ್ಜದೆ ಹಾಗೇ ಒಣಗಲು ಬಿಡಿ. ಸದ್ಯಕ್ಕೆ ಬಾಯಿಂದ ಬಿಸಿ ಉಸಿರು ಬಿಟ್ಟರೂ ಚಾರ್ಜ್ ಇಳಿಯುತ್ತದೆ. ಸ್ಪಿರಿಟ್, ಥಿನ್ನರ್ ಬೇಡ, ಪ್ಲಾಸ್ಟಿಕ್ ಒಳಗೊಳಗೇ ಬಿರುಕು ಬಿಡುತ್ತದೆ.

ಮುಳ್ಳು ವಾಪಸ್ ಬರುತ್ತದೆಯಾ?

ಇಲ್ಲಿ ಸಮಯ ಕೊಡಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಜಾಸ್ತಿ ತಾಳ್ಮೆ ಬೇಕಾಗಿರುವುದು ಇಲ್ಲೇ.

ಮೀಟರನ್ನು ಅದರ ಭಂಗಿಯಲ್ಲಿಟ್ಟು, ಡಯಲ್ ಇರುವ ಸಮತಲದಲ್ಲೇ ಚಿಕ್ಕದಾಗಿ ಬಲಕ್ಕೆ ಎಡಕ್ಕೆ ತಿರುಗಿಸಿ ನಿಲ್ಲಿಸಿ. ಮುಳ್ಳು ತೂಗಿ, ಒಂದು ಜಾಗದಲ್ಲಿ ನಿಲ್ಲುತ್ತದೆ. ಆ ಜಾಗ ನೆನಪಿಟ್ಟುಕೊಳ್ಳಿ. ಇನ್ನೊಮ್ಮೆ ಮಾಡಿ. ಮತ್ತೊಮ್ಮೆ. ಪ್ರತಿ ಸಲವೂ ಅಲ್ಲೇ ನಿಂತರೆ ಒಳ್ಳೆಯ ಸುದ್ದಿ, ಅದು ಸೊನ್ನೆಯಿಂದ ದೂರ ಇದ್ದರೂ ಪರವಾಗಿಲ್ಲ. ಬೇರೆ ಬೇರೆ ಕಡೆ ನಿಂತರೆ ಬೆರಳ ತುದಿಯಿಂದ ಮೀಟರಿನ ಡಬ್ಬಿಯನ್ನು ಮೆತ್ತಗೆ ತಟ್ಟಿ. ತಟ್ಟಿದಾಗ ಮುಳ್ಳು ಜಿಗಿದು ಜಾಗ ಬದಲಿಸಿದರೆ ಒಳಗೆ ಎಲ್ಲೋ ತಡೆ ಇದೆ. ಸುರುಳಿಯ ಅಕ್ಷದ ಚೂಪು ತುದಿ ಕೂರುವ ಆಭರಣ ಕಲ್ಲಿನ ಗುಂಡಿ ಸವೆದಿರಬಹುದು, ಬಿದ್ದ ಪೆಟ್ಟಿಗೆ ತುದಿ ಮೊಂಡಾಗಿರಬಹುದು, ಅಥವಾ ಆಯಸ್ಕಾಂತದ ಸಂದಿಯಲ್ಲಿ ಕಬ್ಬಿಣದ ಪುಡಿಯ ಒಂದು ಕಣ ಮೀಸೆಯ ಹಾಗೆ ನೆಟ್ಟಗೆ ನಿಂತು ಸುರುಳಿಯನ್ನು ಸವರುತ್ತಿರಬಹುದು.

ಮುಳ್ಳು ಡಯಲ್ ಕಾಗದಕ್ಕೆ ತಾಗುತ್ತಿದೆಯಾ ಅಂತಲೂ ಪಕ್ಕದಿಂದ ನೋಡಿ. ತೇವದಲ್ಲಿ ಕಾಗದ ಉಬ್ಬಿ ಒಂದೇ ಒಂದು ಕಡೆ ಮುಳ್ಳನ್ನು ಹಿಡಿದುಕೊಳ್ಳುವುದು ಹಳೆಯ ಮೀಟರಿನಲ್ಲಿ ಹೊಸದೇನಲ್ಲ.

ಎರಡನೇ ಪರೀಕ್ಷೆ ತೂಕದ್ದು. ಮೀಟರನ್ನು ಮಲಗಿಸಿ, ಮುಳ್ಳಿನ ಜಾಗ ನೋಡಿ. ನಿಲ್ಲಿಸಿ ನೋಡಿ. ಎಡಕ್ಕೆ ವಾಲಿಸಿ, ಬಲಕ್ಕೆ ವಾಲಿಸಿ. ಮುಳ್ಳಿನ ಹಿಂಭಾಗದಲ್ಲಿ ಪುಟ್ಟ ಎದುರು ತೂಕಗಳಿರುತ್ತವೆ, ಅವು ಸರಿಯಾಗಿದ್ದರೆ ಹೇಗೆ ವಾಲಿಸಿದರೂ ಮುಳ್ಳು ಹೆಚ್ಚು ಕದಲುವುದಿಲ್ಲ. ಸ್ವಲ್ಪ ಕದಲಿದರೆ ಚಿಂತೆ ಬೇಡ, ನೀವು ಹೇಗೂ ಒಂದೇ ಭಂಗಿಯಲ್ಲಿ ಬಳಸುತ್ತೀರಿ. ತುಂಬಾ ದೂರ ಓಡಿದರೆ ಮುಳ್ಳು ಬಗ್ಗಿದೆ ಅಥವಾ ಎದುರು ತೂಕ ಸರಿದಿದೆ.

ಮೂರನೆಯದಕ್ಕೆ ಒಂದು 1.5 ವೋಲ್ಟ್ ಸೆಲ್, ಒಂದು 1 ಕಿಲೋ ಓಮಿನ ಪೊಟೆನ್ಶಿಯೋಮೀಟರ್ (ತಿರುಗಿಸಿ ವೋಲ್ಟೇಜ್ ಹೊಂದಿಸುವ ರೆಸಿಸ್ಟರ್) ಸಾಕು, ಮೀಟರಿನಲ್ಲಿ ಅಷ್ಟು ಚಿಕ್ಕ ರೇಂಜ್ ಇದ್ದರೆ. ಇಲ್ಲದಿದ್ದರೆ ಹೊಂದಿಸಬಹುದಾದ ಡಿಸಿ ಪವರ್ ಸಪ್ಲೈ. ವೋಲ್ಟೇಜನ್ನು ಸೊನ್ನೆಯಿಂದ ಬಹಳ ನಿಧಾನವಾಗಿ ಏರಿಸಿ, ಹಾಗೇ ಇಳಿಸಿ. ಮುಳ್ಳು ಜಾರಿದಂತೆ ನಯವಾಗಿ ಹೋಗಬೇಕು. ಒಂದು ಕಡೆ ನಿಂತು, ಕಾದು, ಆಮೇಲೆ ತಟಕ್ಕನೆ ಮುಂದೆ ಹಾರಿದರೆ ಆ ಜಾಗದಲ್ಲಿ ಅಂಟು ಇದೆ.

ಇದೆಲ್ಲ ನೋಡುವಾಗ ಒಂದು ಆಸೆಯನ್ನು ತಡೆದುಕೊಳ್ಳಿ. ಸುರುಳಿ ಸರಿಯಿದೆಯಾ ಅಂತ ಇನ್ನೊಂದು ಮಲ್ಟಿಮೀಟರಿನ ಓಮ್ ರೇಂಜಿನಲ್ಲಿ ಬರೀ ಸುರುಳಿಯನ್ನು ಅಳೆಯಬೇಡಿ. 50 ಮೈಕ್ರೋ ಆಂಪಿಯರಿಗೆ ಪೂರ್ತಿ ಏಳುವ ಸುರುಳಿಗೆ ಓಮ್ ಮೀಟರ್ ಅದರ ಎಷ್ಟೋ ಪಟ್ಟು ಕರೆಂಟ್ ನುಗ್ಗಿಸುತ್ತದೆ. ಮುಳ್ಳು ತುದಿಗೆ ಬಡಿದು ಬಗ್ಗಬಹುದು.

ಈಗ ಸ್ಕ್ರೂ

ಆ ಸ್ಕ್ರೂ ಒಳಗೆ ಏನು ಮಾಡುತ್ತದೆ ಅಂತ ಗೊತ್ತಿದ್ದರೆ ಕೈ ತಾನಾಗಿಯೇ ಹಗುರವಾಗುತ್ತದೆ. ಸ್ಕ್ರೂವಿನ ಒಳತುದಿಯಲ್ಲಿ, ನಡುವಿನಿಂದ ಸ್ವಲ್ಪ ಪಕ್ಕಕ್ಕೆ, ಒಂದು ಪುಟ್ಟ ಪಿನ್ ಇರುತ್ತದೆ. ಅದು ಒಂದು ಕವಲಿನ ಸೀಳಿನಲ್ಲಿ ಕೂತಿರುತ್ತದೆ. ಆ ಕವಲು ಕೂದಲೆಳೆ ಸ್ಪ್ರಿಂಗಿನ ಹೊರತುದಿಗೆ ಸೇರಿದ್ದು. ಸ್ಕ್ರೂ ತಿರುಗಿದಾಗ ಪಿನ್ ಕವಲನ್ನು ತಳ್ಳುತ್ತದೆ, ಕವಲು ಸ್ಪ್ರಿಂಗನ್ನು ತಿರುಗಿಸುತ್ತದೆ, ಮುಳ್ಳು ಸರಿಯುತ್ತದೆ. ಪಿನ್ ವೃತ್ತದಲ್ಲಿ ಸುತ್ತುವುದರಿಂದ ಮುಳ್ಳು ಒಂದಷ್ಟು ದೂರ ಬಲಕ್ಕೆ ಹೋಗಿ, ನೀವು ತಿರುಗಿಸುತ್ತಲೇ ಇದ್ದರೆ ಮತ್ತೆ ಎಡಕ್ಕೆ ಬರುತ್ತದೆ. ಅಂದರೆ ಒಂದು ಪೂರ್ತಿ ಸುತ್ತಿನೊಳಗೆ ಸೊನ್ನೆ ಸಿಗದಿದ್ದರೆ ಹತ್ತು ಸುತ್ತು ತಿರುಗಿಸಿದರೂ ಸಿಗುವುದಿಲ್ಲ. ಆಗ ಮುಳ್ಳು ಬಗ್ಗಿರಬೇಕು, ಇಲ್ಲ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಸಿಕ್ಕಿಕೊಂಡಿರಬೇಕು. ಸ್ಕ್ರೂ ತಿರುಗುತ್ತದೆ, ಮುಳ್ಳು ಅಲ್ಲಾಡುವುದೇ ಇಲ್ಲ ಅಂದರೆ ಹಿಂದೆ ಯಾರೋ ಮುಚ್ಚಳ ತೆಗೆದು ವಾಪಸ್ ಹಾಕುವಾಗ ಪಿನ್ ಸೀಳಿಗೆ ಕೂತಿಲ್ಲ.

ಕೆಲಸದ ಕ್ರಮ ಹೀಗೆ. ವೈರುಗಳನ್ನೆಲ್ಲ ಕಳಚಿ. ಹತ್ತಿರದಲ್ಲಿ ಸ್ಪೀಕರ್, ಆಯಸ್ಕಾಂತ, ದೊಡ್ಡ ಕಬ್ಬಿಣದ ತುಂಡು ಇದ್ದರೆ ದೂರ ಸರಿಸಿ. ಪ್ಯಾನೆಲ್ ಮೀಟರ್ ಆಗಿದ್ದರೆ ಪ್ಯಾನೆಲ್‌ನಲ್ಲಿ ಕೂರಿಸಿದ ಮೇಲೆಯೇ ಸೊನ್ನೆ ಮಾಡಿ. ಉಕ್ಕಿನ ಪ್ಯಾನೆಲ್ ಕೆಲವು ಮೀಟರುಗಳ ಆಯಸ್ಕಾಂತದ ಬಲವನ್ನೇ ಸ್ವಲ್ಪ ಬದಲಿಸುತ್ತದೆ, ಅದಕ್ಕೇ ಕೆಲವದರ ಮೇಲೆ ಯಾವ ಪ್ಯಾನೆಲ್‌ಗೆ ಅಂತ ಬರೆದಿರುತ್ತದೆ. ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ತಗೊಳ್ಳಿ, ಸಾಧ್ಯವಾದರೆ ಆಯಸ್ಕಾಂತ ಹಿಡಿಯದ್ದು. ಡಬ್ಬಿಯನ್ನು ಮೆತ್ತಗೆ ತಟ್ಟಿ ಮುಳ್ಳನ್ನು ಅದರ ನಿಜವಾದ ಜಾಗಕ್ಕೆ ಬರಲು ಬಿಡಿ.

ಇನ್ನು ಕಣ್ಣು. ಸ್ಕೇಲಿನ ಕೆಳಗೆ ಕನ್ನಡಿಯ ಪಟ್ಟಿ ಇದ್ದರೆ ಒಂದು ಕಣ್ಣು ಮುಚ್ಚಿ, ಕನ್ನಡಿಯಲ್ಲಿನ ಮುಳ್ಳಿನ ಪ್ರತಿಬಿಂಬ ಮುಳ್ಳಿನ ಹಿಂದೆಯೇ ಅಡಗುವ ತನಕ ತಲೆ ಸರಿಸಿ. ಕನ್ನಡಿ ಇಲ್ಲದಿದ್ದರೆ ಸೊನ್ನೆ ಗೆರೆಯ ನೇರಕ್ಕೆ ತಲೆ ತನ್ನಿ. ಓರೆಯಿಂದ ನೋಡುತ್ತಾ ಸೊನ್ನೆ ಮಾಡಿದರೆ ಆ ಓರೆಯೇ ಮೀಟರಿಗೆ ಅಂಟಿಕೊಳ್ಳುತ್ತದೆ.

ಈಗ ಸ್ಕ್ರೂವನ್ನು ಒಂದೇ ದಿಕ್ಕಿನಲ್ಲಿ, ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸಿ, ನಡುನಡುವೆ ತಟ್ಟುತ್ತಾ ಮುಳ್ಳನ್ನು ಸೊನ್ನೆಗೆ ತನ್ನಿ. ದಾಟಿ ಹೋದರೆ ಪೂರ್ತಿ ಹಿಂದೆ ಹೋಗಿ ಮತ್ತೆ ಅದೇ ದಿಕ್ಕಿನಿಂದ ಬನ್ನಿ. ಸೊನ್ನೆ ಸಿಕ್ಕ ಮೇಲೆ ಇನ್ನೊಂದು ಚಿಕ್ಕ ಕೆಲಸ ಇದೆ, ಇದನ್ನೇ ಎಲ್ಲರೂ ಬಿಟ್ಟುಬಿಡುವುದು. ಸ್ಕ್ರೂವನ್ನು ಬಂದ ದಾರಿಯಲ್ಲಿ ಒಂಚೂರು ಹಿಂದಕ್ಕೆ ತಿರುಗಿಸಿ, ಮುಳ್ಳು ಅಲ್ಲಾಡಬಾರದು ಅಷ್ಟು ಮಾತ್ರ. ಪಿನ್ನಿಗೂ ಕವಲಿಗೂ ನಡುವೆ ಸ್ವಲ್ಪ ಸಡಿಲ ಇರುತ್ತದಲ್ವಾ, ಅದರ ಮಧ್ಯಕ್ಕೆ ಪಿನ್ ಬಂದು ನಿಲ್ಲುತ್ತದೆ. ಕವಲಿನ ಮೇಲೆ ಒತ್ತಡ ಉಳಿಯುವುದಿಲ್ಲ, ಮೀಟರ್ ಅಲುಗಾಡಿದರೂ ಸೊನ್ನೆ ಜರುಗುವುದಿಲ್ಲ.

ಕೊನೆಗೆ ಒಂದು ಓದು ತಗೊಂಡು, ವೈರ್ ಕಳಚಿ, ಮುಳ್ಳು ಅದೇ ಸೊನ್ನೆಗೆ ಬಂತಾ ನೋಡಿ. ಕೆಲವು ಮೀಟರುಗಳ ಸ್ಕೇಲು ಸೊನ್ನೆಯಿಂದ ಶುರುವಾಗುವುದೇ ಇಲ್ಲ, ಮೊದಲ ಅಂಕಿಯ ಎಡಕ್ಕೆ ಮುಳ್ಳಿಗೆ ಒಂದು ಚುಕ್ಕೆ ಕೊಟ್ಟಿರುತ್ತಾರೆ. ಅಲ್ಲಿಗೆ ತನ್ನಿ, ಅಂಕಿಗೆ ಅಲ್ಲ.

ವಾಲ್ವ್ ವೋಲ್ಟ್‌ಮೀಟರ್ ಆದರೆ

ಒಳಗೆ ವಾಲ್ವ್, ಅಂದರೆ ಗಾಜಿನ ನಿರ್ವಾತ ಕೊಳವೆ ಇರುವ ಆರ್‌ಸಿಎ ವೋಲ್ಟ್‌ಓಮಿಸ್ಟ್, ಹೀತ್‌ಕಿಟ್ ವಿ-7ಎ ಥರದ ಮೀಟರುಗಳಿಗೆ ಎರಡು ಸೊನ್ನೆ ಇರುತ್ತವೆ. ಒಂದು ಮೇಲೆ ಹೇಳಿದ ಸ್ಕ್ರೂ. ಅದನ್ನು ಪವರ್ ಹಾಕುವ ಮೊದಲೇ ಮುಗಿಸಬೇಕು. ಇನ್ನೊಂದು ಮುಂದಿನ ‘ಝೀರೋ’ ನಾಬ್, ಅದು ವಾಲ್ವಿನ ಎರಡು ಭಾಗಗಳ ಕರೆಂಟನ್ನು ಸಮ ಮಾಡುವಂಥದ್ದು. ಸ್ಕ್ರೂವಿನ ತಪ್ಪನ್ನು ನಾಬಿನಿಂದ ಮುಚ್ಚಿದರೆ ಡಿಸಿ ಪ್ಲಸ್‌ನಲ್ಲಿ ಸೊನ್ನೆ ಸರಿ ಕಾಣುತ್ತದೆ, ಡಿಸಿ ಮೈನಸ್‌ಗೆ ಹಾಕಿದ ಕೂಡಲೇ ಸರಿದುಹೋಗುತ್ತದೆ.

ಇವು ಮೇನ್ಸ್‌ನಿಂದ ಓಡುವಂಥವು, ಒಳಗೆ ದಶಕಗಳ ಹಳೆಯ ಕೆಪ್ಯಾಸಿಟರುಗಳಿರುತ್ತವೆ. ಬಹಳ ಕಾಲ ಸುಮ್ಮನಿದ್ದ ಉಪಕರಣವನ್ನು ನೇರವಾಗಿ ಪ್ಲಗ್ಗಿಗೆ ಹಾಕಬೇಡಿ, ಪವರ್ ವೈರು ಮತ್ತು ಕೆಪ್ಯಾಸಿಟರುಗಳನ್ನು ಗೊತ್ತಿರುವವರ ಕೈಲಿ ನೋಡಿಸಿ. ಆಮೇಲೆ ಆನ್ ಮಾಡಿ ಅರ್ಧ ಗಂಟೆ ಬಿಸಿಯಾಗಲು ಬಿಡಿ. ಡಿಸಿ ಪ್ಲಸ್‌ಗೆ ಇಟ್ಟು, ಪ್ರೋಬನ್ನು ಗ್ರೌಂಡ್ ಕ್ಲಿಪ್‌ಗೆ ತಾಗಿಸಿ, ನಾಬಿನಿಂದ ಸೊನ್ನೆ ಮಾಡಿ. ಡಿಸಿ ಮೈನಸ್‌ಗೆ ಹಾಕಿ ನೋಡಿ. ಸೊನ್ನೆ ಕದಲಬಾರದು. ತುಂಬಾ ಕದಲಿದರೆ ಒಳಗಿನ 12ಎಯು7 ಅನ್ನುವ ವಾಲ್ವಿನ ಎರಡು ಭಾಗ ಒಂದೇ ಥರ ಇಲ್ಲ ಅಂತ. ಹೊಸ ವಾಲ್ವ್ ಹಾಕಿದರೆ ಕೆಲವು ಗಂಟೆ ಉರಿಸಿ ಪಳಗಿಸಿದ ಮೇಲೆಯೇ ಸೊನ್ನೆ ನಿಲ್ಲುತ್ತದೆ, ಅವಸರ ಮಾಡಬೇಡಿ.

ಸೊನ್ನೆ ಸರಿ, ಓದು ಸರಿನಾ?

ಒಂದು ಒಳ್ಳೆಯ ಡಿಜಿಟಲ್ ಮಲ್ಟಿಮೀಟರನ್ನು ಜೊತೆಯಲ್ಲಿ ಜೋಡಿಸಿ, ಪವರ್ ಸಪ್ಲೈಯಿಂದ ಸ್ಕೇಲಿನ ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಜಾಗಗಳಲ್ಲಿ ಎರಡರ ಓದನ್ನೂ ಬರೆದುಕೊಳ್ಳಿ. ತಪ್ಪು ಎಷ್ಟು ಅನ್ನುವುದಕ್ಕಿಂತ ತಪ್ಪಿನ ಆಕಾರ ನೋಡಿ. ಎಲ್ಲ ಕಡೆ ಒಂದೇ ಅಳತೆಯ ತಪ್ಪಿದ್ದರೆ ಸೊನ್ನೆಯನ್ನು ಮತ್ತೆ ನೋಡಿ. ಮೇಲೆ ಹೋದಂತೆ ತಪ್ಪೂ ಅದೇ ಪ್ರಮಾಣದಲ್ಲಿ ಬೆಳೆದರೆ ಸುರುಳಿಯ ಜೊತೆಗಿರುವ ರೆಸಿಸ್ಟರ್ ಬದಲಾಗಿದೆ ಅಥವಾ ಆಯಸ್ಕಾಂತ ಸೋತಿದೆ. ನಡುವೆ ಮಾತ್ರ ಉಬ್ಬಿದ್ದರೆ ಎಲ್ಲೋ ಉಜ್ಜುತ್ತಿದೆ.

ಒಂದೇ ರೇಂಜ್ ಕಡಿಮೆ ತೋರಿಸಿದರೆ ಆ ರೇಂಜಿನ ರೆಸಿಸ್ಟರನ್ನೇ ಹಿಡಿಯಿರಿ. ಹಳೆಯ ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರುಗಳು ವಯಸ್ಸಾದಂತೆ ಹೆಚ್ಚಾಗಿ ಮೇಲಕ್ಕೇ ಏರುತ್ತವೆ, ಮೀಟರ್ ಕಡಿಮೆ ತೋರಿಸುತ್ತದೆ. ಲೆಕ್ಕ ಸುಲಭ: 1 ಮಿಲಿ ಆಂಪಿಯರಿಗೆ ಪೂರ್ತಿ ಏಳುವ, 100 ಓಮಿನ ಸುರುಳಿಯನ್ನು 10 ವೋಲ್ಟ್ ಮೀಟರ್ ಮಾಡಲು ಒಟ್ಟು 10,000 ಓಮ್ ಬೇಕು, ಅಂದರೆ ಹೊರಗಿನ ರೆಸಿಸ್ಟರ್ 9,900. ಶೇ. 1ಕ್ಕಿಂತ ಹೆಚ್ಚು ತಪ್ಪದ ಮೆಟಲ್ ಫಿಲ್ಮ್ ರೆಸಿಸ್ಟರ್ ಹಾಕಿದರೆ ಸಾಕು. ದೊಡ್ಡ ವೋಲ್ಟೇಜ್ ರೇಂಜಿನಲ್ಲಿ ಹಲವು ರೆಸಿಸ್ಟರುಗಳನ್ನು ಸಾಲಾಗಿ ಜೋಡಿಸಿದ್ದರೆ ಒಂದರಲ್ಲಿ ಮುಗಿಸಬೇಡಿ, ಒಂದೊಂದು ರೆಸಿಸ್ಟರ್ ತಡೆಯುವ ವೋಲ್ಟೇಜಿಗೆ ಮಿತಿ ಇದೆ. ಡಿಸಿ ಎಲ್ಲ ಸರಿಯಿದ್ದು ಎಸಿ ಮಾತ್ರ ಕಡಿಮೆ ಬಂದರೆ ಎಸಿಯನ್ನು ಡಿಸಿ ಮಾಡುವ ಒಳಗಿನ ಕಾಪರ್ ಆಕ್ಸೈಡ್ ರೆಕ್ಟಿಫೈಯರಿಗೆ ವಯಸ್ಸಾಗಿದೆ.

ಮೀಟರ್ ಸರಿಯಿದ್ದೂ ಡಿಜಿಟಲ್‌ಗಿಂತ ಕಡಿಮೆ ತೋರಿಸುವ ಸಂದರ್ಭ ಒಂದಿದೆ. ಸಿಂಪ್ಸನ್ 260, ಆವೋ ಮಾಡೆಲ್ 8 ಥರದ ಒಳ್ಳೆಯ ಮಲ್ಟಿಮೀಟರುಗಳು ಡಿಸಿಯಲ್ಲಿ ವೋಲ್ಟಿಗೆ 20,000 ಓಮ್, ಅಂದರೆ ರೇಂಜಿನ ಪ್ರತಿ ವೋಲ್ಟಿಗೂ ಮೀಟರಿನ ಸ್ವಂತ ರೆಸಿಸ್ಟೆನ್ಸ್ ಅಷ್ಟು. 10 ವೋಲ್ಟ್ ರೇಂಜಿನಲ್ಲಿ ಅದು 200 ಕಿಲೋ ಓಮ್ ಆಯಿತು. 10 ವೋಲ್ಟಿಗೆ ಎರಡು 100 ಕಿಲೋ ಓಮ್ ರೆಸಿಸ್ಟರುಗಳನ್ನು ಸಾಲಾಗಿ ಹಾಕಿ ನಡುವಿನಲ್ಲಿ ಅಳೆಯಿರಿ. ಇರಬೇಕಾದದ್ದು 5 ವೋಲ್ಟ್, ಮುಳ್ಳು ತೋರಿಸುವುದು 4. ಮೀಟರ್ ಸುಳ್ಳು ಹೇಳುತ್ತಿಲ್ಲ, ಅದನ್ನು ಜೋಡಿಸಿದ ಮೇಲೆ ಅಲ್ಲಿ ನಿಜವಾಗಿಯೂ 4 ವೋಲ್ಟೇ ಇದೆ. ಇದಕ್ಕಾಗಿ ಸ್ಕ್ರೂ, ರೆಸಿಸ್ಟರ್ ಯಾವುದನ್ನೂ ಮುಟ್ಟಬೇಡಿ.

ಡಯಲ್ ಮೇಲೆ 1000 ವೋಲ್ಟ್ ಅಂತಿದೆ ಅಂದ ಮಾತ್ರಕ್ಕೆ ಮೇನ್ಸ್ ಅಳೆಯಲು ಹೋಗಬೇಡಿ. ಈಗಿನ ಮೀಟರುಗಳಲ್ಲಿರುವ ಫ್ಯೂಸು, ಬೆರಳು ತಾಗದ ಪ್ರೋಬು, ಕ್ಯಾಟ್ ರೇಟಿಂಗ್ (ಎಂಥ ವಿದ್ಯುತ್ ಸಂಪರ್ಕದಲ್ಲಿ ಬಳಸಬಹುದು ಅನ್ನುವ ಸುರಕ್ಷತೆಯ ದರ್ಜೆ) ಹಳೆಯವುಗಳಲ್ಲಿ ಹೆಚ್ಚಿನವಕ್ಕಿಲ್ಲ. ಬ್ಯಾಟರಿ, ಕಡಿಮೆ ವೋಲ್ಟೇಜಿನ ಸಪ್ಲೈ, ರೇಡಿಯೋ ಬೆಂಚಿನ ಸಣ್ಣ ಕೆಲಸಗಳಲ್ಲಿ ಇವುಗಳ ಮುಳ್ಳು ನೋಡುವುದೇ ಒಂದು ಸುಖ. ವೋಲ್ಟೇಜ್ ಮೆಲ್ಲಗೆ ಕುಸಿಯುವುದು, ತೂಗಾಡುವುದು ಅಂಕಿಗಳಿಗಿಂತ ಮುಳ್ಳಿನಲ್ಲಿ ಚೆನ್ನಾಗಿ ಕಾಣುತ್ತದೆ.

ಎತ್ತಿಡುವಾಗ ಸೆಲ್ ತೆಗೆದಿಡಿ. ಮಲ್ಟಿಮೀಟರಿನಲ್ಲಿ ‘ಟ್ರಾನ್ಸಿಟ್’ ಅಥವಾ ‘ಆಫ್’ ಇದ್ದರೆ ಅಲ್ಲಿಗೆ, ಇಲ್ಲದಿದ್ದರೆ ದೊಡ್ಡ ಡಿಸಿ ಕರೆಂಟ್ ರೇಂಜಿಗೆ ತಿರುಗಿಸಿ. ಸುರುಳಿಯ ಎರಡು ತುದಿ ಸಣ್ಣ ರೆಸಿಸ್ಟರಿನಿಂದ ಸೇರಿಕೊಳ್ಳುವುದರಿಂದ ಮುಳ್ಳು ಸಾಗಿಸುವಾಗ ಜೋರಾಗಿ ಬಡಿದಾಡುವುದಿಲ್ಲ. ಮುಂದಿನ ಸಲ ವೋಲ್ಟೇಜಿಗೆ ಜೋಡಿಸುವ ಮೊದಲು ಸ್ವಿಚ್ಚನ್ನು ಅಲ್ಲಿಂದ ತೆಗೆದಿದ್ದೀರಾ ಅಂತ ಕಣ್ಣಾರೆ ನೋಡಿಯೇ ಪ್ರೋಬ್ ತಾಗಿಸಿ.